ಮೆಟ್ಟಿಲ ಕೆಳಗಿನ ಗಾಳಿ ಒಲೆ

ಅತ್ತೆಯ ಬಲಗೈ ಹೆಬ್ಬೆರಳಿನ ಉಗುರ ಸಂದಿಯಲ್ಲಿ ಸದಾ ಗುಲಾಬಿ ಕ್ರೀಮಿನ ಗೆರೆಯೊಂದು ಇರುತ್ತಿತ್ತು. ಜಹೀರಾಬಾದಿನ ಬಸ್‌ಸ್ಟ್ಯಾಂಡ್ ಹತ್ತಿರದ ಬೇಕರಿಯಲ್ಲಿ ಕೇಕಿನ ಮೇಲೆ ಹೂವು ಬಿಡಿಸುವುದು ಅವಳ ಕೆಲಸ. ಅಪ್ಪನ ತಂಗಿ; ಗಂಡನನ್ನು ಬಿಟ್ಟು ಬಂದು ನಮ್ಮಲ್ಲೇ ಇದ್ದಳು. ಹೆಬ್ಬೆರಳೆತ್ತಿ ಮೂಗಿನಿಂದ ಮಾತಾಡುವ ಅವಳ ಚಾಳಿಯನ್ನು ಅವಳೆದುರೇ ಅಣಕಿಸುತ್ತಿದ್ದೆ. "ನನಗಿಂತ ನೀನೇ ಚಂದ ಮಾಡ್ತಿ ಮಂಗ್ಯಾ. ನಾಳಿಂದ ಕೆಲಸಕ್ಕೂ ನೀನೇ ಹೋಗು," ಎನ್ನುತ್ತಿದ್ದಳು. ನನಗಿದ್ದದ್ದು ಅದೊಂದೇ ವಿದ್ಯೆ. ಡಿಗ್ರಿ ಓದಿ ಲೆಕ್ಚರರ ಕೆಮ್ಮನ್ನು ಅಣಕಿಸುವುದು ಬಿಟ್ಟು ಬೇರೇನೂ ಕಲಿತವನಲ್ಲ.

ಕೊರಳಲ್ಲಿ ಲಿಂಗ ಕಟ್ಟಿಕೊಂಡು ಮೊಟ್ಟೆ ಒಡೆಯುತ್ತಾಳೆಂದು ಅವ್ವ ಅವಳನ್ನು ಅಡುಗೆಮನೆಗೆ ಬಿಟ್ಟುಕೊಳ್ಳುತ್ತಿರಲಿಲ್ಲ. "ತತ್ತಿ ಮುಟ್ಟಿದ ಕೈ ನನ್ನ ಒಲಿ ಮುಟ್ಟಬಾರ್ದು." ಅತ್ತೆ ಜಗಳಾಡಲಿಲ್ಲ. ಬಿಸಿಗಾಳಿಯಲ್ಲೇ ಬೇಯಿಸುವ ಏರ್ ಫ್ರೈಯರ್ ಒಂದನ್ನು ಕೊಂಡು ತಂದು ಮೆಟ್ಟಿಲ ಕೆಳಗೆ, ಚಪ್ಪಲಿಗಳ ಪಕ್ಕ ಇಟ್ಟುಕೊಂಡಳು. ಅದಕ್ಕೆ 'ಗಾಳಿ ಒಲಿ' ಎಂದು ಹೆಸರಿಟ್ಟವಳೂ ಅವಳೇ.

ಬೇಕರಿಯಲ್ಲಿ ಮಾರದೆ ಉಳಿದ ಪೇಸ್ಟ್ರಿಯನ್ನು ಮನೆಗೆ ತಂದು ಮರುದಿನ ಬೆಳಿಗ್ಗೆ ಕ್ರೀಮು ಕೆರೆದು, ಹಾಲು, ಮೊಟ್ಟೆ, ಏಲಕ್ಕಿ ಕಲಸಿದ್ದರಲ್ಲಿ ಅದ್ದಿ, ತುಪ್ಪ ಸವರಿ ಒಳಗಿಡುತ್ತಿದ್ದಳು. ಫ್ರೆಂಚ್ ಟೋಸ್ಟ್! "ಇವತ್ತಿಂದು ಹಾಲಾಗ ಕರಗಿ ಹೋಗ್ತದ. ನಿನ್ನಿಂದೇ ತಡೀತದ ನೋಡು." ಆ ವಾಸನೆಗೆ ಅವ್ವನೂ ಬರುತ್ತಿದ್ದಳು. ತಿನ್ನುತ್ತಿದ್ದಳು. ಏನೇನು ಹಾಕಿದ್ದೀ ಎಂದು ಮಾತ್ರ ಕೇಳುತ್ತಿರಲಿಲ್ಲ.

"ಈ ಗಾಳಿ ಒಲಿ ಅಡುಗಿಮನಿ ಒಳಗಿಡೋ ದಿನ ಬರ್ತದೇನೋ?" ಎಂದು ಅತ್ತೆ ನನ್ನನ್ನು ಆಗಾಗ ಕೇಳುತ್ತಿದ್ದಳು. ಅವಳಿಗೆ ಬೇಕಿದ್ದದ್ದು ಅಷ್ಟೇ.

ನಾರಾಯಣಖೇಡದವರು ಅಕ್ಕನನ್ನು ನೋಡಲು ಬಂದ ದಿನ ಅವ್ವನ ಜಾಮೂನು ಪಾಕದಲ್ಲಿ ಒಡೆದು ಹಿಟ್ಟಾಯಿತು. ಅವ್ವ ಮೆಟ್ಟಿಲ ಕೆಳಗಿನ ಟೋಸ್ಟಿನ ತಟ್ಟೆಯನ್ನೇ ಎತ್ತಿ ಒಯ್ದಳು. ಹುಡುಗನ ತಾಯಿ ಎರಡು ತಿಂದು, "ಯಾರ್ ಮಾಡ್ಯಾರ್ರಿ?" ಎಂದರು.

"ನಮ್ಮ ಹುಡುಗೀನೇ ಮಾಡ್ಯಾಳ್ರಿ. ಬರೇ ಹಾಲು, ತುಪ್ಪ," ಎಂದಳು ಅವ್ವ.

ಸಂಬಂಧ ಕುದುರಿತು. ಚಪ್ಪಲಿಗಳ ನಡುವೆ ಕೂತು ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ನನಗೆ ಹೇಳಿದಳು: "ತಿನ್ನೋ ಬಾಯಿಗಿ ಲಿಂಗ ಅಡ್ಡ ಬರಲಿಲ್ಲ. ಮಾಡೋ ಕೈಗೇ ಬಂತು ನೋಡು, ಮಂಗ್ಯಾ."

ಹೋದ ವರ್ಷ ಎದೆನೋವೆಂದು ಕೂತ ಅತ್ತೆ ಮತ್ತೆ ಏಳಲಿಲ್ಲ. ಮೈ ತೊಳೆದ ಹೆಂಗಸರು ಉಗುರಿನ ಬಣ್ಣ ಹೋಗಲಿಲ್ಲವೆಂದು ಗೊಣಗಿದರು. ಮೂರನೇ ದಿನ, ಅವಳಿಗೆ ಇಷ್ಟವಿತ್ತೆಂದು ಅವ್ವ ಸಮಾಧಿಯ ಮುಂದೆ ಹೋಳಿಗೆ ಇಟ್ಟಳು. ಅತ್ತೆ ಹೋಳಿಗೆ ಮುಟ್ಟಿದ್ದನ್ನು ನಾನಂತೂ ಕಂಡಿಲ್ಲ.

ಮನೆಗೆ ಬಂದು ಕೂತಾಗ ಅಕ್ಕನ ಗಂಡನ ತಾಯಿ ಅಕ್ಕನನ್ನು ಕೇಳಿದರು: "ನೋಡಾಕ ಬಂದಾಗ ಮಾಡಿದ್ದಿಯಲ್ಲ, ಆ ಸಿಹಿ ಮತ್ತ ಒಮ್ಮೆನೂ ಮಾಡ್ಲಿಲ್ಲ. ಹ್ಯಾಂಗ ಮಾಡ್ತಾರ ಹೇಳು." ಅಕ್ಕ ಅವ್ವನನ್ನು ನೋಡಿದಳು. ಅವ್ವ ಗೋಡೆ ನೋಡಿದಳು.

ನಾನು ಹೆಬ್ಬೆರಳೆತ್ತಿ, ಮೂಗಿನಿಂದ ಶುರುಮಾಡಿದೆ: "ಮೊದಲ ಎರಡು ತತ್ತಿ ಒಡೀಬೇಕ್ರಿ..."

ನನ್ನ ಅಣಕಕ್ಕೆ ನಮ್ಮ ಮನೆಯಲ್ಲಿ ಯಾರೂ ನಗದ ದಿನ ಅದೊಂದೇ.

ಸಂಜೆ ಅವ್ವ ಗಾಳಿ ಒಲೆಯನ್ನು ಗುಜರಿಯವನಿಗೆಂದು ಬಾಗಿಲ ಹೊರಗಿಟ್ಟಳು. ನಾನು ಅದನ್ನೆತ್ತಿ ತಂದು ಅಡುಗೆಮನೆಯಲ್ಲಿ, ಅವ್ವನ ಒಲೆಯ ಪಕ್ಕವೇ ಇಟ್ಟೆ. ಅವ್ವ ತೆಗೆಯಲಿಲ್ಲ. ಈಗ ಅದರ ಮೇಲೆ ಖಾರದಪುಡಿಯ ಡಬ್ಬಿ ಕೂತಿದೆ. ಪ್ಲಗ್ಗನ್ನು ಇವತ್ತಿನವರೆಗೆ ಯಾರೂ ಚುಚ್ಚಿಲ್ಲ.