ಮಾಳಕ್ಕ ಇಟ್ಟ ಗುರುತು

ಇಚಲಕರಂಜಿಯ ನಮ್ಮ ಓಣಿಯಲ್ಲಿ ಉಳಿದ ಹೆಂಗಸರು ಬೆಳಗಾದರೆ ಊದಿನಕಡ್ಡಿ ಹಚ್ಚುತ್ತಿದ್ದರು. ಮಾಳಕ್ಕ ಪ್ಲಾಸ್ಟಿಕ್ ಹಚ್ಚುತ್ತಿದ್ದಳು. ಹೊಸ್ತಿಲ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಇಕ್ಕಳದ ತುದಿಯಲ್ಲಿ ಒಂದು ಚೂರು ಹಿಡಿದು ಚಿಮಣಿ ದೀಪದ ಉರಿಗೆ ತಾಗಿಸಿ, ಫೂ ಎಂದು ಆರಿಸಿ, ಕಣ್ಣು ಮುಚ್ಚಿಕೊಂಡು ಹೊಗೆಯನ್ನು ಮೂಗಿನತ್ತ ಎಳೆದುಕೊಳ್ಳುತ್ತಿದ್ದಳು. ಮೇಣದಬತ್ತಿಯ ವಾಸನೆ ಬಂತೋ, ಆ ಚೂರು ಎಡಗಡೆಯ ಬುಟ್ಟಿಗೆ. ಸುಟ್ಟ ಉಣ್ಣೆಯ ವಾಸನೆ ಬಂತೋ, ಬಲಗಡೆಯ ಬುಟ್ಟಿಗೆ. ಬಲಗಡೆಯದು ನೈಲಾನ್. ಏಟು ತಿಂದು ಬಾಳುವ ಮಾಲು ಅದೇ.

ಇದೆಲ್ಲ ಬರೀ ಮೂಗಿಗೆ ಹೇಗೆ ತಿಳಿಯುತ್ತದೆ ಎಂದು ಯಾರಾದರೂ ಕೇಳಿದರೆ, "ಕುರಿ ಕಾಯೋರ ಮಗಳಿಗಿ ಸುಟ್ಟ ಉಣ್ಣಿ ವಾಸನಿ ಯಾರ ಕಲಿಸ್ಬೇಕವ್ವಾ?" ಎಂದು ಅವರನ್ನೇ ತಿರುಗಿ ಕೇಳುತ್ತಿದ್ದಳು.

ಅವಳ ತವರು ಸುಳಕೂಡ. ಅಪ್ಪನಿಗೆ ದೊಡ್ಡ ಕುರಿಹಿಂಡು. ಕೊಟ್ಟಿದ್ದು ಮಾತ್ರ ಮಗ್ಗದ ಊರಿಗೆ, ಸಿದ್ದಪ್ಪಣ್ಣನಿಗೆ. ಅವನು ಮಗ್ಗ ರಿಪೇರಿ ಮಾಡುವ ಜಾಬರ್. ಆಡುವ ಮಾತು ಕಡಿಮೆ, ಅರ ಹಿಡಿದು ಕಬ್ಬಿಣ ಉಜ್ಜುವುದು ಹೆಚ್ಚು. ಮಾಳಕ್ಕ ಮಗ್ಗಕ್ಕೆ ಬೇಕಾದ ಪ್ಲಾಸ್ಟಿಕ್ ಸಾಮಾನು ಮಾಡುವ ಸಣ್ಣ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿ ಅವಳು ಮಾಡುತ್ತಿದ್ದುದು ಪಿಕರ್, ಅಂದರೆ ಲಾಳಿಯನ್ನು ಗುದ್ದಿ ಆಚೆಯಿಂದ ಈಚೆಗೆ ಓಡಿಸುವ ತುಂಡು. ಲಾಳಿಯೇ ಇಲ್ಲದ ಹೊಸ ಮಗ್ಗಗಳು ಊರಿಗೆ ಬಂದ ಮೇಲೆ ಪಿಕರ್ ಕೇಳುವವರು ಕಡಿಮೆಯಾದರು, ಶೆಡ್ಡಿಗೆ ಬೀಗ ಬಿತ್ತು. ಮಾಲಕ ಅಲ್ಲಿದ್ದ ಹಳೇ ಕೈಮಷಿನ್ನನ್ನು ಗುಜರಿಗೆ ಹಾಕುವ ಬದಲು ಮಾಳಕ್ಕನ ಮನೆಗೆ ಕಳಿಸಿದ. ಅದನ್ನು ಪಡಸಾಲೆಯಲ್ಲಿ ನಿಲ್ಲಿಸಿದಾಗ ಊಟಕ್ಕೆ ಕೂರಲು ಜಾಗ ಉಳಿಯಲಿಲ್ಲ.

ನಾನು ಕಲಾವತಿ. ಅವಳ ಗೋಡೆಯ ಈಚೆಗೆ ನನ್ನ ಹಿಟ್ಟಿನ ಗಿರಣಿ. ಒಂದೇ ಗೋಡೆ, ಆ ಕಡೆ ಹೊಗೆ, ಈ ಕಡೆ ಗದ್ದಲ. ಶುರುವಿನಲ್ಲಿ ನಾನು ಜಗಳಕ್ಕೆ ಹೋಗಿದ್ದೆ. ಜೋಳದ ಹಿಟ್ಟಿಗೆ ನಿನ್ನ ಹೊಗೆ ಹತ್ತುತ್ತದೆ, ಗಿರಾಕಿ ಓಡುತ್ತಾರೆ ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, "ನಿನ್ನ ಗಿರಣಿ ಶುರು ಆತಂದ್ರ ನಮ್ಮನ್ಯಾಗ ಗಂಡ ಹೆಂಡ್ತಿ ಕೈಸನ್ನಿ ಮಾಡಿ ಮಾತಾಡ್ತೇವಿ. ನಾ ಏನರ ಅಂದೇನೇನ?" ಎಂದಳು. ಮರುದಿನ ಅವಳೇ ಹಿತ್ತಲ ಕಡೆಗೆ ಹೊಗೆ ಹೋಗುವಂತೆ ತಗಡಿನ ಕೊಳವೆ ಹಾಕಿಸಿದಳು. ಅಂದಿನಿಂದ ನಮ್ಮದು ಜಗಳವಿಲ್ಲದ ದಿನ ಸಪ್ಪೆ ಎನ್ನುವಂಥ ಸ್ನೇಹ.

ಮಗ್ಗದ ಸಾಮಾನು ಬಿಟ್ಟು ಜೀಪಿನ ಸಾಮಾನಿಗೆ ಅವಳು ಬಂದದ್ದು ಶಿರೋಳದ ಒಬ್ಬ ಕಬ್ಬಿನ ರೈತನಿಂದ. ಅವನ ಅಜ್ಜನ ಕಾಲದ ಜೀಪು, ಕೆಸರಿನ ಗದ್ದೆಯಲ್ಲಿ ಟ್ರ್ಯಾಕ್ಟರಿಗೂ ನಾಚಿಕೆಯಾಗುವಂತೆ ಓಡುತ್ತಿತ್ತು. ಅದರ ಗೇರಿನ ದಾಂಡಿನ ಬುಡದಲ್ಲಿರುವ ಬುಶ್, ಅಂದರೆ ಸಣ್ಣ ಬಟ್ಟಲಿನಂಥ ಪ್ಲಾಸ್ಟಿಕ್ ತುಂಡು, ಸವೆದು ಹೋಗಿತ್ತು. ಆ ಗಾಡಿ ಮಾಡುವುದನ್ನೇ ನಿಲ್ಲಿಸಿ ಎಷ್ಟೋ ಕಾಲವಾಗಿದೆ, ಸಾಮಾನು ಎಲ್ಲಿ ಸಿಗಬೇಕು? ಮಗ್ಗದ ಯಾವುದಾದರೂ ತುಂಡು ಹೊಂದೀತೇ ಎಂದು ಸಿದ್ದಪ್ಪಣ್ಣನ ಹತ್ತಿರ ಬಂದಿದ್ದ. ಹೊಂದುವುದಿಲ್ಲ ಎಂದು ಅವನು ತಲೆ ಅಲ್ಲಾಡಿಸುವಷ್ಟರಲ್ಲಿ ಮಾಳಕ್ಕ ಒಳಗಿನಿಂದ ಬಂದು ತುಂಡನ್ನು ಕಿತ್ತುಕೊಂಡಳು.

"ಮಗ್ಗದ ಏಟ ತಡಕೊಳ್ಳೂ ಮಾಲ ನನ್ನ ಬುಟ್ಟ್ಯಾಗ ಐತಿ. ಇವ್ರು ಅಚ್ಚ ಕೊರದ ಕೊಡ್ಲಿ, ನಾ ಮಾಡ್ತೇನಿ."

ಸಿದ್ದಪ್ಪಣ್ಣ ಅಲ್ಯುಮಿನಿಯಂ ಗಟ್ಟಿಯಲ್ಲಿ ಅಚ್ಚು ಕೊರೆದ. ಸವೆದ ಪಿಕರ್‌ಗಳ ಚೂರನ್ನು ಕಾಯಿಸಿ ಕರಗಿಸಿ, ಮಾಳಕ್ಕ ಮಷಿನ್ನಿನ ಉದ್ದನೆಯ ಹಿಡಿಕೆಗೆ ಜೋತುಬಿದ್ದಳು. ಆ ಹೊತ್ತಿನ ಅವಳನ್ನು ನೋಡಬೇಕಿತ್ತು. ಗಿಡ್ಡ ಜೀವ, ಕಚ್ಚೆ ಬಿಗಿದು, ಹಲ್ಲು ಕಚ್ಚಿ, ಎರಡೂ ಕಾಲು ನೆಲ ಬಿಟ್ಟು, ಬಾವಿಯ ಹಗ್ಗಕ್ಕೆ ಜೋತ ಹುಡುಗಿಯ ಹಾಗೆ ಕಾಣುತ್ತಿದ್ದಳು. ಅಚ್ಚು ಬಿಚ್ಚಿದಾಗ ಬಿಸಿ ಬುಶ್ ಹೊರಗೆ ಬಿತ್ತು. ಅಲ್ಲಿಗೆ ಮುಗಿಯಲಿಲ್ಲ. ಅದನ್ನು ಬೋಗುಣಿಯ ನೀರಿಗೆ ಹಾಕಿ ಅವರೆಕಾಳಿನಂತೆ ಕುದಿಸಿದಳು. ಹೊಸ ನೈಲಾನ್ ನೀರು ಕುಡಿಯದಿದ್ದರೆ ಚಳಿಗೆ ಬಿಸ್ಕೀಟಿನ ಹಾಗೆ ಮುರಿಯುತ್ತದಂತೆ. ಅವಸರ ಮಾಡಿದ ರೈತನಿಗೆ, "ಹಸೀ ಬಾಣಂತಿನ್ನ ಹೊಲಕ್ಕ ಕಳಸ್ತಾರೇನ್ರಿ? ಕುಂಡ್ರಿ ಸುಮ್ನ" ಎಂದಳು.

ಕುದಿಸಿ ತೆಗೆದ ಮೇಲೆ ಆ ತುಂಡಿನ ಅಂಚಿನಲ್ಲಿ ಚಾಕುವಿನಿಂದ ಸಣ್ಣದೊಂದು ಕಚ್ಚು ಹಾಕಿದಳು. ಅವಳ ಅಪ್ಪ ತನ್ನ ಕುರಿಗಳ ಎಡಗಿವಿಗೆ ಹಾಕುತ್ತಿದ್ದ ಕಚ್ಚೇ ಅದು. ಮೇಯಲು ಹೋದ ಹಿಂಡುಗಳು ಒಂದರೊಳಗೊಂದು ಬೆರೆತಾಗ ಕಿವಿ ನೋಡಿ ಬೇರೆ ಮಾಡುತ್ತಾರೆ. ಒಬ್ಬರ ಕಚ್ಚನ್ನು ಇನ್ನೊಬ್ಬರು ಹಾಕುವಂತಿಲ್ಲ. ಮುಂದೆ ಅವಳು ಮಾಡಿದ ಬುಶ್ಶು, ಕಿಟಕಿಯ ಗಾಲಿ, ವೈಪರಿನ ಹಲ್ಲುಚಕ್ರ ಎಲ್ಲಕ್ಕೂ ಆ ಕಚ್ಚು ಬಿತ್ತು. ಆಮೇಲೆ ಅಚ್ಚಿನಲ್ಲೇ ಅದನ್ನು ಕೂಡಿಸಿಕೊಂಡಳು.

ನನ್ನ ಗಿರಣಿಗೂ ಒಂದು ಮಾಡಿಕೊಟ್ಟಳು. ಬೀಸುಗಲ್ಲನ್ನು ಬಿಗಿ ಸಡಿಲು ಮಾಡುವ ಚಕ್ರದ ಹಿಡಿ ಒಡೆದಿತ್ತು. ನಾನು ಬಟ್ಟೆ ಸುತ್ತಿ ತಿರುಗಿಸುವುದನ್ನು ನೋಡಿ, ಕೇಳದೆಯೇ ಕಪ್ಪನೆಯ ಹೊಸ ಹಿಡಿ ತಂದು ಕೂರಿಸಿದಳು. ನಾನು ಕನ್ನಡಕ ಹಾಕಿಕೊಂಡು ಸುತ್ತಲೂ ನೋಡಿದೆ. ಕಚ್ಚು ಇರಲಿಲ್ಲ.

"ಯಾಕ ಮಾಳಕ್ಕಾ, ನಂದಕ್ಕ ಗುರ್ತ ಇಲ್ಲಲಾ?"

"ನಿಂದಕ್ಕ ಬ್ಯಾಡ ತಗಿ," ಎಂದು ಹೋಗಿಬಿಟ್ಟಳು.

ನನಗೆ ಮನಸ್ಸಿಗೆ ಹತ್ತಿತು. ಶಿರೋಳದ ಅಪರಿಚಿತನ ಜೀಪಿಗೆ ಗುರುತು ಬೇಕು, ಗೋಡೆಯಾಚೆಯ ಗೆಳತಿಗೆ ಬೇಡವೇ? ಉಳಿದ ಬಳಿದ ಮಾಲಿನಲ್ಲಿ ಮಾಡಿದ್ದಾಳೆ, ಅದಕ್ಕೇ ಹೆಸರು ಹಾಕಿಕೊಂಡಿಲ್ಲ ಎಂದುಕೊಂಡೆ. ಬಾಯಿಬಿಟ್ಟು ಅಂದಿಲ್ಲ. ಆದರೆ ದಿನವೂ ಆ ಹಿಡಿ ತಿರುಗಿಸುವಾಗ ಒಳಗೊಳಗೇ ಅಂದುಕೊಳ್ಳುತ್ತಿದ್ದೆ.

ಆ ಗುರುತಿನ ವಿಷಯದಲ್ಲಿ ಅವಳು ಎಷ್ಟು ಹಟಮಾರಿ ಎಂಬುದು ಕೊಲ್ಲಾಪುರದ ಸಾವಕಾರ ಬಂದ ದಿನ ತಿಳಿಯಿತು. ಅವನ ಹತ್ತಿರ ಹಳೇ ಮಿಲಿಟರಿ ಜೀಪಿತ್ತು. ಹಳೇ ಗಾಡಿಗಳನ್ನೆಲ್ಲ ಮೈದಾನದಲ್ಲಿ ನಿಲ್ಲಿಸಿ ತೋರಿಸುವ ದಿನ ಅದನ್ನು ಒಯ್ಯಬೇಕೆಂಬ ಹುಚ್ಚು. ಸ್ಟಿಯರಿಂಗಿನ ಮುಂದಿನ ಹಲಗೆಯಲ್ಲಿ ಎಳೆಯುವ ತಿರುಗಿಸುವ ಗುಂಡಿಗಳು ಒಡೆದಿದ್ದವು. ಹೊಸವು ಬೇಕು, ಅವುಗಳ ಮೇಲೆ ಹಳೇ ಕಂಪನಿಯ ಹೆಸರೂ ಬೇಕು ಎಂದ. ಗುಂಡಿ ಮಾಡುತ್ತೇನೆ, ಹೆಸರು ಹಾಕುವುದಿಲ್ಲ ಎಂದಳು ಮಾಳಕ್ಕ.

"ಕುಣಾಲಾ ಕಳಣಾರ್ ಆಹೆ, ಮಾವಶೀ?" ಅವನು ನಕ್ಕ. ಯಾರಿಗೆ ಗೊತ್ತಾಗುತ್ತದೆ?

"ಮಲಾ ಕಳತಂಯ್ ಕೀ," ಎಂದಳು ಇವಳು. ನನಗೆ ಗೊತ್ತಾಗುತ್ತದಲ್ಲ.

ಅವನು ಹೋದ ಮೇಲೆ ನಾನೇ ಬೈದೆ. ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಕಾಲಿನಿಂದ ಒದೆಯುತ್ತೀಯಾ ಎಂದೆ. ಅವಳು ಚೂರು ಆರಿಸುತ್ತಲೇ ಹೇಳಿದಳು: "ಮಂದಿ ಗುರ್ತ ನನ್ನ ಕುರಿಗಿ ಹಾಕಿದ್ರ ಅದು ಕಳವಿನ ಕುರಿ ಆಗತೈತಿ, ಕಲಾ. ನಾ ಮಾಡಿದ್ದ ನಂದಂತ ಹೇಳಾಕ ನನಗೇನ ಹೆದರಿಕಿ?"

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಸಾವಕಾರ ಅಲ್ಲಿ ಇಲ್ಲಿ ಅಲೆದು ಮತ್ತೆ ಬಂದ. ಕಚ್ಚಿನ ಗುಂಡಿಗಳನ್ನೇ ಒಯ್ದ. ಕಚ್ಚು ಯಾರಿಗೂ ಕಾಣಬಾರದೆಂದು ಕೆಳಮುಖ ಮಾಡಿ ಕೂರಿಸಿದ್ದಾನೆ ಎಂದು ಅವನ ಡ್ರೈವರನೇ ಹೇಳಿ ನಕ್ಕ. ಮಾಳಕ್ಕ ನಗಲಿಲ್ಲ.

ಅವಳ ಮಾನವೇ ಪಣಕ್ಕೆ ಬಿದ್ದದ್ದು ಗಡಹಿಂಗ್ಲಜದ ದತ್ತೂ ಬಂದಾಗ. ದತ್ತೂ ಗುಡ್ಡದ ಹಳ್ಳಿಗಳಿಂದ ಹಾಲಿನ ಕ್ಯಾನು ತುಂಬಿಕೊಂಡು ಪೇಟೆಗೆ ಹಾಕುವವನು. ಆ ದಾರಿಗೆ ಹೊಸ ಗಾಡಿ ನಾಲಾಯಕ್ಕು, ಹಳೇ ಜೀಪೇ ಆಗಬೇಕು. ಅವತ್ತು ಬೆಳಿಗ್ಗೆ ನಮ್ಮ ಓಣಿಗೆ ಬಂದವನೇ ಮುರಿದ ಬುಶ್ಶೊಂದನ್ನು ಮಾಳಕ್ಕನ ಹೊಸ್ತಿಲಿಗೆ ಎಸೆದ.

"ನಿಮ್ಮ ಗುರ್ತ ನೋಡಿ ಕೊಲ್ಲಾಪುರ ಬಜಾರದಾಗ ತಗೊಂಡಿದ್ನಿರೀ! ಏರಿನ್ಯಾಗ ಗೇರ ಬೀಳಲಿಲ್ಲ, ಗಾಡಿ ಹಿಂದ ಜಾರಿ ಗಟಾರಕ್ಕ ಬಿತ್ತು. ಹಾಲೆಲ್ಲಾ ಮಣ್ಣಪಾಲಾತು. ಹಿಂದ ಕುಂತ ನನ್ನ ಹೆಂಡ್ತಿ ಕೈ ಮುರಕೊಂಡಾಳ!"

ನನ್ನ ಗಿರಣಿಗೆ ಬಂದವರೆಲ್ಲ ಡಬ್ಬಿ ಬಿಟ್ಟು ಅಲ್ಲಿ ನೆರೆದರು. ಮಾಳಕ್ಕ ತುಂಡನ್ನು ಎತ್ತಿಕೊಂಡಳು. ಅಂಚಿನಲ್ಲಿ ಕಚ್ಚು ಇತ್ತು. ಅದೇ ಜಾಗ, ಅದೇ ಓರೆ. ಅವಳ ಮುಖ ಸಣ್ಣದಾಯಿತು. "ಗುರ್ತ ನಂದ ಐತಿ," ಎಂದಳು ಮೆಲ್ಲಗೆ. ಸುಳ್ಳು ಹೇಳಲು ಬಾಯಿ ಬರಬೇಕಲ್ಲ. ಒಂದು ಕೈ ಮುರಿದಿದೆ, ಇನ್ನು ಇವಳ ಹತ್ತಿರ ಯಾರು ಬರುತ್ತಾರೆ?

ಅವಳು ಒಳಗೆ ಹೋಗಿ ಚಿಮಣಿ ತಂದಳು. ಎಲ್ಲರ ಎದುರಿಗೆ ಆ ತುಂಡಿನ ತುದಿಯನ್ನು ಉರಿಗೆ ಹಿಡಿದು, ಊದಿ, ಮೂಸಿ ನೋಡಿದಳು. ಇನ್ನೊಮ್ಮೆ ಮೂಸಿದಳು. ಆಮೇಲೆ ದತ್ತೂನ ಮೂಗಿಗೆ ಹಿಡಿದಳು.

"ಏನ ವಾಸನಿ ಬರತೈತೆಪಾ?"

"ಮೇಣಬತ್ತಿದು."

ತನ್ನ ಬುಟ್ಟಿಯಿಂದ ಒಂದು ಬುಶ್ ತೆಗೆದು ಅದನ್ನೂ ಸುಟ್ಟು ಹಿಡಿದಳು. "ಇದು?"

"ಉಣ್ಣಿ... ಉಣ್ಣಿ ಸುಟ್ಟಂಗ ಐತಿ."

ಎರಡನ್ನೂ ಒಂದರ ಮೇಲೊಂದು ಇಟ್ಟು ತೋರಿಸಿದಳು. ಬಜಾರದ್ದು ಸುತ್ತಲೂ ಕೂದಲೆಳೆಯಷ್ಟು ಸಣ್ಣದಿತ್ತು. ಕರಗಿದ ಪ್ಲಾಸ್ಟಿಕ್ ಆರಿದಾಗ ಕುಗ್ಗುತ್ತದೆ. ಅದಕ್ಕೇ ಸಿದ್ದಪ್ಪಣ್ಣ ಅಚ್ಚನ್ನು ತುಸು ದೊಡ್ಡದಾಗಿ ಕೊರೆಯುತ್ತಿದ್ದ. ಯಾರೋ ಇವಳ ಬುಶ್ಶಿನ ಮೇಲೆಯೇ ಅಚ್ಚು ತೆಗೆದು ಅಗ್ಗದ ಮಾಲು ಸುರಿದಿದ್ದರು. ಅದು ಇನ್ನೊಮ್ಮೆ ಕುಗ್ಗಿತ್ತು.

ಆಗ ಮಾಳಕ್ಕ ನಕ್ಕಳು ನೋಡಿ! ಹೊಸ್ತಿಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

"ಕುರಿ ಕದಿಯಾಂವ ಮೊದಲ ಕಿವಿ ಗುರ್ತ ಕೆಡಿಸ್ತಾನ. ಈ ಶಾಣ್ಯಾ ಗುರ್ತದ ಸಮೇತ ಎರಕಾ ಹೊಯ್ದಾನ! ಜೀಪಿಗಿ ಬೇಕಾದ ಕಚ್ಚ ಅಂತ ತಿಳದಿರಬೇಕ, ಖೋಡಿ!"

ಓಣಿಗೆ ಓಣಿಯೇ ನಕ್ಕಿತು. ದತ್ತೂ ತಲೆ ತಗ್ಗಿಸಿ ನಿಂತ. ಅವನಿಗೆ ಹೊಸ ಬುಶ್ ಕುದಿಸಿ ಕೊಟ್ಟಳು, ಜೊತೆಗೆ ಅವನ ಹೆಂಡತಿಗೆಂದು ನನ್ನ ಗಿರಣಿಯಿಂದ ನಾಚಣಿ, ಅಂದರೆ ರಾಗಿಯ ಹಿಟ್ಟು ಕಟ್ಟಿಸಿದಳು. ಗುರ್ತ ನನ್ನದು ಇತ್ತಲ್ಲ, ಅರ್ಧ ನೋವು ನನ್ನದೂ ಹೌದು ಎಂದಳು. ಆ ಸುದ್ದಿಯನ್ನು ದತ್ತೂನೇ ಗಡಹಿಂಗ್ಲಜದಿಂದ ಕೊಲ್ಲಾಪುರದವರೆಗೆ ಸಾರಿದ. ಅಲ್ಲಿಂದ ಮುಂದೆ ಗ್ಯಾರೇಜಿನವರು ಬುಶ್ ತಗೊಳ್ಳುವ ಮೊದಲು ಕಚ್ಚು ನೋಡಿ, ಕಡ್ಡಿ ಗೀರಿ, ಮೂಸತೊಡಗಿದರು. ಬಜಾರದ ಖೊಟ್ಟಿ ಮಾಲು ಅಲ್ಲೇ ಕೊಳೆಯಿತು.

ಆ ವರ್ಷ ಹಳೇ ಗಾಡಿಗಳನ್ನು ನಿಲ್ಲಿಸಿದ ದಿನ ಮಾಳಕ್ಕ ನನ್ನನ್ನೂ ಕೊಲ್ಲಾಪುರಕ್ಕೆ ಎಳೆದುಕೊಂಡು ಹೋದಳು. ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಸಾವಕಾರನ ಜೀಪಿನ ಹತ್ತಿರ ಜನ ಮುತ್ತಿಕೊಂಡಿದ್ದರು. ಗುಂಡಿಗಳ ಕಚ್ಚನ್ನು ಈಗ ಮೇಲ್ಮುಖ ಮಾಡಿ ಕೂರಿಸಿ, ಬೆರಳಿಟ್ಟು ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದ. ಇದು ಮಾಳಾಬಾಯಿಯ ಖೂಣ, ಅವಳ ಗುರುತು, ಅಸಲಿ ಎಂದು ಮರಾಠಿಯಲ್ಲಿ ಹೊಗಳುತ್ತಿದ್ದ. ಮಾಳಕ್ಕ ಮುಂದೆ ಹೋಗಿ ಇದು ನಾನೇ ಎನ್ನಲಿಲ್ಲ. ಹಿಂದೆ ನಿಂತು ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒತ್ತಿ ಗೆರೆ ಮೂಡಿತು. ಅಷ್ಟು ಜನರ ನಡುವೆ ನನಗೂ ಕೂಗಿ ಹೇಳಬೇಕೆನಿಸಿತ್ತು, ಇವಳು ನಮ್ಮ ಗೋಡೆಯವಳು ಅಂತ.

ಕಳೆದ ಚಳಿಗಾಲದಲ್ಲಿ ಅವಳ ಹೃದಯ ಸೋಲತೊಡಗಿತು. ಡಾಕ್ಟರು ಹಿಡಿಕೆ ಮುಟ್ಟಬಾರದು ಎಂದರು. ಮಷಿನ್ನಿನ ಪಕ್ಕದಲ್ಲೇ ಮಂಚ ಹಾಕಿಸಿಕೊಂಡು ಮಲಗಿದಳು. ಒಂದು ಮಧ್ಯಾಹ್ನ ಗಂಜಿ ಒಯ್ದಿದ್ದೆ. ಕುಡಿದು ಬಟ್ಟಲು ಕೆಳಗಿಟ್ಟು, "ಯಾಕ ಕಲಾ, ಇವತ್ತ ನಿನ್ನ ಕಲ್ಲ ಬಿಗಿ ಆಗೇತಿ. ಸಪ್ಪಳ ಬ್ಯಾರೆ ಬರಾಕತ್ತೈತಿ," ಎಂದಳು. ಗೋಡೆಯಾಚೆಯಿಂದ ಅವಳಿಗೆ ಅದೂ ತಿಳಿಯುತ್ತಿತ್ತು.

ಇನ್ನು ಕೇಳದಿದ್ದರೆ ಎಂದೂ ಕೇಳಲಾರೆ ಎನಿಸಿತು.

"ನಿನ್ನ ಹಿಡಿ ಹಿಡಿದ ತಿರುವತೇನಿ. ಗುರ್ತ ಇಲ್ಲದ ಹಿಡಿ. ಎಲ್ಲಾರದಕ್ಕೂ ಇಟ್ಟಿ, ನಂದಕ್ಕ ಯಾಕ ಇಡಲಿಲ್ಲ ಮಾಳಕ್ಕಾ?"

ಅವಳು ನನ್ನನ್ನೇ ನೋಡಿದಳು. ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆಯಾ ಎನ್ನುವ ಹಾಗೆ.

"ಹುಚ್ಚಿ, ಹಿಂಡಿನ್ಯಾಗ ಹೋಗೂ ಕುರಿಗಿ ಗುರ್ತ ಬೇಕ. ಮಂದ್ಯಾಗ ಕಳದ ಹೋಗತೈತಲಾ. ಮನಿ ಮುಂದ ಕಟ್ಟಿ ಸಾಕಿದ ಮರಿ ಕಿವಿ ಯಾರರ ಕೊಯ್ತಾರೇನ?"

ನಾನು ಬಟ್ಟಲು ತೊಳೆಯುವ ನೆಪದಲ್ಲಿ ಎದ್ದು ಹಿತ್ತಲಿಗೆ ಹೋದೆ. ಅದಾದ ಮೇಲೆ ಅವಳು ನನ್ನ ಜೊತೆ ಮಾತಾಡುವಷ್ಟು ಚೇತರಿಸಿಕೊಳ್ಳಲಿಲ್ಲ, ಚಳಿ ಮುಗಿಯುವ ಮೊದಲೇ ಹೋಗಿಬಿಟ್ಟಳು.

ಈಗ ಆ ಪಡಸಾಲೆಯಲ್ಲಿ ಸಿದ್ದಪ್ಪಣ್ಣ ಒಬ್ಬನೇ ಮಷಿನ್ನಿಗೆ ಎಣ್ಣೆ ಬಿಟ್ಟು ಒರೆಸುತ್ತಾನೆ. ಜೀಪಿನವರು ಇನ್ನೂ ಬರುತ್ತಾರೆ. ಅವನು ತಲೆ ಅಲ್ಲಾಡಿಸಿದ ಮೇಲೆ ನನ್ನ ಗಿರಣಿಯ ಕಟ್ಟೆಗೆ ಬಂದು ಕೂರುತ್ತಾರೆ. ನಾನು ಚಹಾ ಕೊಟ್ಟು ಅವಳ ಕಥೆ ಹೇಳುತ್ತೇನೆ. ಮೊನ್ನೆ ಕೊಲ್ಲಾಪುರದಿಂದ ಬಂದ ಮಿಸ್ತ್ರಿಯೊಬ್ಬ ನನ್ನ ಚಕ್ರದ ಹಿಡಿಯ ಮೇಲೆ ಕಣ್ಣು ಹಾಕಿದ. ಇದು ಅವಳೇ ಮಾಡಿದ್ದು ಎಂದೆ. ಅವನು ಎದ್ದು ಬಂದು ಬೆರಳಾಡಿಸಿ ಅಂಚನ್ನೆಲ್ಲ ತಡಕಿದ, ತಲೆ ಅಲ್ಲಾಡಿಸಿದ.

"ಖೂಣ ನಾಹೀ. ಹೇ ಮಾಳಾಬಾಯೀಂಚಂ ನಾಹೀ." ಗುರುತಿಲ್ಲ, ಇದು ಮಾಳಾಬಾಯಿಯದಲ್ಲ.

"ಹೌದ್ರಿ," ಎಂದೆ, ಹಿಡಿ ತಿರುಗಿಸಿ ಕಲ್ಲು ಸಡಿಲು ಮಾಡುತ್ತ. "ಇದು ಮನೀದು."