ಹಳದಿ ಕ್ರೇನಿನ ಗುರುತು

ಮೊನ್ನೆ ನಮ್ಮ ಆಫೀಸಿನ ಲಿಫ್ಟಿಗೆ ಒಬ್ಬ ಮನುಷ್ಯ ನೀಲಿ ಕೂಲ್ ಬಾಕ್ಸ್ ಎತ್ತಿಕೊಂಡು ಬಂದ. ಜುಮೇರಾ ಲೇಕ್ ಟವರ್ಸ್‌ನ ಲಿಫ್ಟ್ ಎಂದರೆ ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಸೆಂಟು ಪೂಸಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ನಿಲ್ಲುವ ಜಾಗ. ಬಾಕ್ಸಿನ ಮುಚ್ಚಳದ ಸಂದಿನಿಂದ ಕರಗುತ್ತಿದ್ದ ಬೊಂಡಾಸಿನ ವಾಸನೆ ಬಂತು, ಅದರ ಬೆನ್ನಿಗೇ ಪೆಟ್ರೋಲಿನದ್ದು. ಬೊಂಡಾಸ್ ಎಂದರೆ ನಮ್ಮ ಕರಾವಳಿಯವರು ಗಾಳಕ್ಕೆ ಸಿಕ್ಕಿಸುವ, ಹತ್ತು ಕಾಲಿನ, ಮೈಯೆಲ್ಲ ಲೋಳೆಯ ಪ್ರಾಣಿ. ಉಳಿದವರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಸಿಟ್ಟು ಬಂತು. ಇಪ್ಪತ್ತೈದು ವರ್ಷವಾದರೂ ಈ ವಾಸನೆ ನನ್ನ ಬೆನ್ನು ಬಿಡುವುದಿಲ್ಲವಲ್ಲ ಎಂಬ ಸಿಟ್ಟು. ಹನ್ನೆರಡನೇ ಮಾಳಿಗೆ ದಾಟುವಷ್ಟರಲ್ಲಿ ಇನ್ನೊಂದು ವಿಷಯವೂ ಹೊಳೆಯಿತು. ಈ ವಾಸನೆಯಲ್ಲಿ ಗಂಧದ ಸಾಬೂನಿನ ಪರಿಮಳ ಸೇರಿಲ್ಲ, ಹಾಗಾಗಿ ಇದು ನಮ್ಮ ಮನೆಯ ವಾಸನೆಯಲ್ಲ. ಅಷ್ಟಕ್ಕೇ ನನ್ನ ಕಣ್ಣು ತುಂಬಿ ಬಂತು. ಇದಕ್ಕೂ ಸಿಟ್ಟು ಬಂತು.

ನಮ್ಮ ಮನೆ ಇದ್ದದ್ದು ಈ ಕೊಲ್ಲಿ ಊರಿನ ಹಳೆಯ ಬಡಾವಣೆ ಸತ್ವಾದಲ್ಲಿ, ನಾಲ್ಕು ಮಾಳಿಗೆಯ ಒಂದು ಹಳೆಯ ಕಟ್ಟಡದ ತುತ್ತತುದಿಯಲ್ಲಿ. ಒಂದು ಕೋಣೆ, ಒಂದು ಹಾಲ್. ಹಾಲ್‌ನ ಅರ್ಧಕ್ಕೆ ಪರದೆ ಕಟ್ಟಿ, ಅದರಾಚೆ ಅಮ್ಮನ ತಮ್ಮ ದಾಮು ಮಾವ ಮಲಗುತ್ತಿದ್ದ. ನಮ್ಮ ತಲೆಯ ಮೇಲೆ ಸರಿಯಾಗಿ ತಾರಸಿಯ ನೀರಿನ ಟ್ಯಾಂಕು. ಅದು ಹಗಲೂ ರಾತ್ರಿ ತೊಟ್ಟಿಕ್ಕುತ್ತಿತ್ತು, ಕಿಟಕಿಯ ಎಸಿ ಹಗಲೂ ರಾತ್ರಿ ಗುರುಗುಡುತ್ತಿತ್ತು. ಈ ಎರಡು ಸದ್ದು ಇಲ್ಲದ ಕಡೆ ನನಗೆ ಈಗಲೂ ಸರಿಯಾಗಿ ನಿದ್ದೆ ಹತ್ತುವುದಿಲ್ಲ. ಟ್ಯಾಂಕಿಗೂ ಆಂಟೆನಾ ಕಂಬಕ್ಕೂ ಹಗ್ಗ ಕಟ್ಟಿ ಅಮ್ಮ ಶುಕ್ರವಾರ ಬೆಳಿಗ್ಗೆ ಕೇಸರಿ ಬಣ್ಣದ ದೊಡ್ಡ ಹೊದಿಕೆಯನ್ನು ಒಣಹಾಕುತ್ತಿದ್ದಳು. ಒಳಗೆ ಫ್ರೀಜರ್ ತೆರೆದರೆ ಮೊದಲು ಕಾಣುತ್ತಿದ್ದದ್ದು ಅಪ್ಪನ ಬೊಂಡಾಸಿನ ಪೊಟ್ಟಣ, ಅದರ ಹಿಂದೆ ನನ್ನ ಐಸ್‌ಕ್ರೀಮು. ಬಾಲ್ಯದಲ್ಲಿ ನಾನು ತಿಂದ ಐಸ್‌ಕ್ರೀಮಿಗೆಲ್ಲ ಬೊಂಡಾಸಿನ ವಾಸನೆಯಿತ್ತು. ಐಸ್‌ಕ್ರೀಮು ಇರುವುದೇ ಹಾಗೆ ಎಂದು ತುಂಬ ದಿನ ನಂಬಿಕೊಂಡಿದ್ದೆ.

ಅಪ್ಪ ಮಲ್ಪೆಯ ಕಡೆಯ ಮೀನುಗಾರರ ಮನೆಯವರು. ಇಲ್ಲಿ ಎಸಿ ಬಿಡಿಭಾಗಗಳ ಗೋದಾಮಿನಲ್ಲಿ ಸ್ಟೋರ್‌ಕೀಪರ್. ಆರು ದಿನ ಪೆಟ್ಟಿಗೆಗಳ ನಡುವೆ ತಣ್ಣಗೆ ಇರುತ್ತಿದ್ದ ಮನುಷ್ಯ ಶುಕ್ರವಾರ ಬೆಳಗಾಯಿತೆಂದರೆ ಬೇರೆಯೇ ಆಗಿಬಿಡುತ್ತಿದ್ದರು. ಕಂಪನಿಯ ಅರ್ಬಾಬನ, ಎಂದರೆ ಅರಬ್ ಧಣಿಯ, ಹಳೆಯ ಫೈಬರ್ ದೋಣಿಯೊಂದು ಜುಮೇರಾದ ಬಂದರಿನಲ್ಲಿ ಸುಮ್ಮನೆ ಬಿದ್ದಿತ್ತು. ಧಣಿ ಅದನ್ನು ಅಪ್ಪನಿಗೆ ಬಿಟ್ಟುಕೊಟ್ಟಿದ್ದ. ಆದರೆ ದೋಣಿಯ ತನಕ ತಲುಪುವುದೇ ಒಂದು ಸಾಹಸ. ಮೀನಿಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎಂಬುದು ಅಪ್ಪನ ಮನೆಯ ಪದ್ಧತಿ. ಕೇಳಿದರೆ ವಾಪಸ್ ಬಂದು, ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ನಮ್ಮ ಕಟ್ಟಡದ ಕಾವಲಿನ ಪಠಾಣ ಮುದುಕ ಬಹಳ ಮರ್ಯಾದಸ್ಥ. ಪ್ರತಿ ಶುಕ್ರವಾರ ಎದ್ದು ನಿಂತು, ಎದೆಗೆ ಕೈ ಇಟ್ಟು, "ಕಿಧರ್ ಜಾತಾ ಸಾಬ್?" ಎನ್ನುತ್ತಿದ್ದ. ಅಪ್ಪ ತಿರುಗಿ ನಾಲ್ಕು ಮಾಳಿಗೆ ಹತ್ತುತ್ತಿದ್ದರು. ಲಿಫ್ಟ್ ಇತ್ತು, ಓಡುತ್ತಿರಲಿಲ್ಲ. ಅವನಿಗೆ ಕೇಳಬೇಡ ಎಂದು ಹೇಳಬಹುದಿತ್ತಲ್ಲ ಎಂದರೆ, ಹಾಗೆ ಹೇಳಿ ಕೇಳದ ಹಾಗೆ ಮಾಡಿದರೆ ಲೆಕ್ಕಕ್ಕಿಲ್ಲವಂತೆ!

"ನಿಮ್ಮ ಅಪ್ಪ ಸಮುದ್ರಕ್ಕೆ ಹೋಗುದಕ್ಕಿಂತ ಹೆಚ್ಚು ಮೆಟ್ಲು ಹತ್ತುದೇ ಆಯ್ತು ಮಾರಾಯ್ತಿ," ಎಂದು ಅಮ್ಮ ನನ್ನ ಜಡೆ ಹೆಣೆಯುತ್ತ ಗೊಣಗುತ್ತಿದ್ದಳು. ಗೊಣಗುತ್ತಲೇ ಮೀನಿಗೆ ಮಸಾಲೆ ಅರೆದು ಇಟ್ಟಿರುತ್ತಿದ್ದಳು. ಮೀನು ಬರುವ ಮೊದಲು ಮಸಾಲೆ ಅರೆಯುವ ಹೆಂಗಸು ಪ್ರಪಂಚದಲ್ಲಿ ಅವಳೊಬ್ಬಳೇ ಇರಬೇಕು.

ನನ್ನನ್ನು ಕರೆದೊಯ್ಯುತ್ತಿದ್ದದ್ದು ನನ್ನ ಕಣ್ಣಿಗಾಗಿ. ಅಪ್ಪನಿಗೆ ದೂರದ್ದು ಕಾಣಿಸುತ್ತಿರಲಿಲ್ಲ. ಉಪ್ಪುನೀರು ಹಾರಿ ಕನ್ನಡಕ ಹಾಳಾಗುತ್ತದೆಂದು ಅದನ್ನು ಕಾರಿನಲ್ಲೇ ಬಿಟ್ಟು ಬರುತ್ತಿದ್ದರು. ಅವರ ಊರಿನವರು ಸಮುದ್ರದಲ್ಲಿ ಜಾಗ ನೆನಪಿಡುವುದು ದಡವನ್ನು ನೋಡಿ. ದಡದ ಎರಡು ವಸ್ತುಗಳು ಒಂದರ ಹಿಂದೆ ಒಂದು ಸರಿಯಾಗಿ ಬಂದು ನಿಂತರೆ ಅದು ಒಂದು ಗೆರೆ. ಬೇರೆ ದಿಕ್ಕಿನಲ್ಲಿ ಇನ್ನೆರಡು ವಸ್ತುಗಳು ಹಾಗೆಯೇ ನಿಂತರೆ ಇನ್ನೊಂದು ಗೆರೆ. ಎರಡು ಗೆರೆ ಕೂಡುವಲ್ಲಿ ನಿಮ್ಮ ಜಾಗ. ಊರಿನಲ್ಲಿ ಅಜ್ಜ ದೇವಸ್ಥಾನದ ತುದಿಗೆ ಒಂದು ತಾಳೆಮರ ಜೋಡಿಸಿ ಇಟ್ಟ ಗುರುತನ್ನು ಅಪ್ಪನೂ ಬಳಸಿದ್ದರು, ಅಪ್ಪನ ಅಣ್ಣಂದಿರೂ ಬಳಸಿದ್ದರು. ಇಲ್ಲಿ ಮೊದಲ ಗೆರೆ ಮಸೀದಿಯ ಮಿನಾರಿಗೂ ನಮ್ಮ ಮನೆಯ ನೀರಿನ ಟ್ಯಾಂಕಿಗೂ. ಅಮ್ಮನ ಕೇಸರಿ ಹೊದಿಕೆ ಇರುತ್ತಿದ್ದರಿಂದ ಟ್ಯಾಂಕು ಹುಡುಕುವುದು ಸುಲಭ. ಅಪ್ಪ ಇಂಜಿನ್ ಹಿಡಿದು ಕೂತು ಕೇಳುತ್ತಿದ್ದರು, "ಬಂತಾ?" ನಾನು, "ಇಲ್ಲ." "ಈಗ ಬಂತಾ?" "ಇಲ್ಲಪ್ಪ." ಅಲೆಗೆ ದೋಣಿ ಎಷ್ಟೇ ಹೊಯ್ದಾಡಿದರೂ ಮಿನಾರು ಟ್ಯಾಂಕನ್ನು ಮುಚ್ಚುವ ತನಕ ನಾನು ಕಣ್ಣು ಕದಲಿಸುವಂತಿರಲಿಲ್ಲ. ಆಮೇಲೆ ಸೀಸದ ಗುಂಡಿನ ಅಡಿಗೆ ಸಾಬೂನು ಮೆತ್ತಿ ನೀರಿಗಿಳಿಸುವುದು. ಗುಂಡು ಮೇಲೆ ಬಂದಾಗ ಸಾಬೂನಿಗೆ ಮರಳು ಅಂಟಿದೆಯೋ ಕೆಸರೋ ನೋಡುವುದು. ಅದಕ್ಕೆ ಇಲ್ಲಿಯ ಯಾವ ಸಾಬೂನೂ ಆಗದು, ಅಮ್ಮ ಊರಿಂದ ತರಿಸುವ ಗಂಧದ ಸಾಬೂನೇ ಆಗಬೇಕು. ಅದಕ್ಕಾಗಿ ನಡೆದ ಜಗಳಗಳನ್ನು ಇಲ್ಲಿ ಬರೆಯಲು ಜಾಗ ಸಾಲದು.

ಅಪ್ಪನಿಗೆ ಬೇಕಾದದ್ದು ಊರಿನ ರಾವಸ್ ಮೀನು. ಇಂದು ಸೂಪರ್ ಮಾರ್ಕೆಟ್ಟಿನ ಬೋರ್ಡಿನಲ್ಲಿ ಅದಕ್ಕೆ ಇಂಡಿಯನ್ ಸಾಲ್ಮನ್ ಎಂದು ಬರೆಯುತ್ತಾರೆ. ನನ್ನ ಮಗಳು ಅದನ್ನು ನಿಜವೆಂದು ನಂಬಿ, "ಬಟ್ ವೈ ಈಸ್ ಇಟ್ ನಾಟ್ ಪಿಂಕ್?" ಎಂದು ಕೇಳುತ್ತಾಳೆ. ಇಲ್ಲಿಯ ಸಮುದ್ರದಲ್ಲಿ ರಾವಸ್ ಎಲ್ಲಿಂದ, ಸಿಕ್ಕರೆ ಶೇರಿ, ಹೆಚ್ಚೆಂದರೆ ಹಮೂರ್ ಎಂದು ದಾಮು ಮಾವ ನಗುತ್ತಿದ್ದ. ನನಗೆ ಒಂಬತ್ತು ವರ್ಷವಾಗಿದ್ದ ಚಳಿಗಾಲದ ಒಂದು ಶುಕ್ರವಾರ ಅದು ಸಿಕ್ಕಿತು. ಮರಳು ಮುಗಿದು ಕೆಸರು ಶುರುವಾಗುವ ಒಂದು ಅಂಚಿನಲ್ಲಿ, ಒಂದರ ಹಿಂದೆ ಒಂದು, ಎರಡು. ಬೆಳ್ಳಿಯಂಥ ಮೈ, ಗಲ್ಲದ ಕೆಳಗೆ ಮೀಸೆಯ ಎಳೆಗಳು. ಅಪ್ಪ ಎದ್ದು ನಿಂತರು, ದೋಣಿ ಮಗುಚುವುದರಲ್ಲಿತ್ತು. ಅವರು ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ತಿಳಿಯಲಿಲ್ಲ.

"ಬೇಗ ಹೇಳು ಮಗಾ, ದಡದಲ್ಲಿ ಎಂತೆಲ್ಲ ಕಾಣ್ತದೆ?" ಎಂದು ಚಿಕ್ಕ ಪುಸ್ತಕ ತೆಗೆದರು. ಮಿನಾರು, ನಮ್ಮ ಟ್ಯಾಂಕು, ಅದು ಸರಿಯಾಗಿಯೇ ಇತ್ತು. ಇನ್ನೊಂದು ಬದಿಗೆ ತಿರುಗಿ ನೋಡಿದೆ. ಹೋಟೆಲಿನ ಮೂಲೆ, ಅದರ ಬೆನ್ನಿಗೆ ಹಳದಿ ಕ್ರೇನು. ಹಾಗೆಂದೆ. ಅಪ್ಪ ಕಣ್ಣು ಕಿರಿದು ಮಾಡಿ ಆ ಕಡೆ ನೋಡಿದರು.

"ಅದು ಅಲ್ಲೇ ಇರ್ತದಲ್ಲ?"

"ಇರ್ತದಪ್ಪ. ಯಾವಾಗ್ಲೂ ಇರ್ತದೆ."

"ಆಯ್ತು. ನೀನು ಇಲ್ಲಿಯವಳು, ನಿನಗೇ ಗೊತ್ತು," ಎಂದು ಬರೆದುಕೊಂಡರು.

ನಾನು ಸುಳ್ಳು ಹೇಳಿರಲಿಲ್ಲ. ಈ ಊರಿನಲ್ಲಿ ಹುಟ್ಟಿ ಬೆಳೆದವರು ನೀವಾದರೆ ನಿಮಗೆ ಇದು ಅರ್ಥವಾಗುತ್ತದೆ. ಕಣ್ಣು ಬಿಟ್ಟಾಗಿನಿಂದ ನಾನು ಆಕಾಶದಲ್ಲಿ ಕ್ರೇನು ನೋಡಿಕೊಂಡೇ ಬೆಳೆದವಳು. ಊರಿನ ಮಕ್ಕಳಿಗೆ ಗುಡ್ಡ ಹೇಗೋ ನಮಗೆ ಕ್ರೇನು ಹಾಗೆ. ಅದು ಎದ್ದು ಹೋಗುವ ವಸ್ತು ಎಂದು ನನಗೆ ಯಾರೂ ಹೇಳಿರಲಿಲ್ಲ. ಅಂದು ಮಧ್ಯಾಹ್ನ ಅಮ್ಮ ಅರೆದಿಟ್ಟ ಮಸಾಲೆಗೆ ಕೊನೆಗೂ ಮೀನು ಬಂತು. ಅಪ್ಪ ತಾವು ತಿನ್ನದೆ ನಾವು ತಿನ್ನುವುದನ್ನೇ ನೋಡುತ್ತ ಕೂತಿದ್ದರು. ದಾಮು ಮಾವ ಪಾತ್ರೆಯ ತಳವನ್ನು ಬೆರಳಲ್ಲಿ ಒರೆಸಿ ನೆಕ್ಕಿದ. ಅಂಥ ಊಟ ಆ ಮನೆಯಲ್ಲಿ ಮತ್ತೆ ಆಗಲಿಲ್ಲ.

ಎರಡು ತಿಂಗಳಿಗೆ ಕ್ರೇನು ಹೋಯಿತು. ಒಂದು ಶುಕ್ರವಾರ ತಿರುಗಿ ನೋಡಿದರೆ ಹೋಟೆಲಿನ ಹಿಂದೆ ಬರೀ ಆಕಾಶ. ನಾನು ಕಣ್ಣನ್ನು ಮಿನಾರಿನ ಕಡೆಗೇ ತಿರುಗಿಸಿಕೊಂಡೆ. ಅಪ್ಪ ನಾಲ್ಕು ಸಲ "ಬಂತಾ?" ಎಂದರು, ಆಮೇಲೆ ತಾವೇ ಕಣ್ಣು ಕಿರಿದು ಮಾಡಿ ಆ ಕಡೆ ನೋಡಿ, ಕೇಳುವುದನ್ನು ನಿಲ್ಲಿಸಿದರು. ಆ ಮೇಲಿನ ಐದು ವರ್ಷ, ಒಂದೇ ಗೆರೆಯ ಮೇಲೆ ಮುಂದಕ್ಕೆ ಹಿಂದಕ್ಕೆ ಹೋಗುತ್ತ, ಸಾಬೂನು ಕರಗಿಸುತ್ತ, ಆ ಮನುಷ್ಯ ಅದೇ ಜಾಗವನ್ನು ಹುಡುಕಿದರು. ಬೇರೆ ಕಡೆ ಹೋಗೋಣ ಎಂದರೆ ಕೇಳುವುದಿಲ್ಲ. ಜಿಪಿಎಸ್ ತಂದುಕೊಡುತ್ತೇನೆ ಎಂದು ದಾಮು ಮಾವ ಹೇಳಿದರೆ, ಜಾಗ ಸಿಕ್ಕಿದ ಮೇಲೆ ತಾ ಎಂದರು! ಅಮ್ಮ ಬಂದವರ ಎದುರಿಗೆಲ್ಲ, "ಇವರು ಕ್ರೇನಿಗೆ ಗುರುತು ಇಟ್ಟ ಮಹಾನುಭಾವರು," ಎಂದು ಪರಿಚಯಿಸುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅಪ್ಪನೂ ನಗುತ್ತಿದ್ದರು. ನನ್ನ ಹೆಸರನ್ನು ಅವರು ಒಂದು ದಿನವೂ ಎತ್ತಲಿಲ್ಲ. ಆ ಗುರುತು ಕೊಟ್ಟದ್ದು ನಾನು ಎಂದು ಹೇಳಬಹುದಿತ್ತು, ಬಾಯಿ ಬಿಡಲಿಲ್ಲ. ಹೇಳದ್ದಕ್ಕೆ ನನ್ನ ಮೇಲೆ ಬರಬೇಕಾದ ಕೋಪವೆಲ್ಲ ಅಪ್ಪನ ಮೇಲೆಯೇ ಹೋಯಿತು. ಹದಿನಾಲ್ಕನೇ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳದೆ, "ಖಲಾಸ್ ಅಪ್ಪ. ಬೇಕಾದ್ರೆ ಮಾರ್ಕೆಟಿಂದ ತನ್ನಿ," ಎಂದುಬಿಟ್ಟೆ. ಅವರು "ಆಯ್ತು ಮಗಾ, ಮಲಗು," ಎಂದು ದಾಮು ಮಾವನನ್ನು ಕರೆದುಕೊಂಡು ಹೋದರು. ಮತ್ತೆ ನನ್ನನ್ನು ಕರೆಯಲಿಲ್ಲ. ದಾಮು ಮಾವ ದೋಣಿಯಲ್ಲಿ ನಿದ್ದೆ ಮಾಡುತ್ತಿದ್ದನಂತೆ.

ಆಮೇಲಿನದ್ದು ಇಲ್ಲಿ ಎಲ್ಲರ ಮನೆಯಲ್ಲೂ ಆಗುವಂಥದ್ದೇ. ಕಟ್ಟಡ ಕೆಡವುತ್ತೇವೆ ಎಂದು ನೋಟೀಸು ಬಂತು, ಸಾಮಾನು ಕಟ್ಟಿದೆವು. ಟ್ಯಾಂಕು ಹೋಯಿತು, ತಾರಸಿ ಹೋಯಿತು, ಪಠಾಣ ಮುದುಕ ಪೇಶಾವರಕ್ಕೆ ಹೋದ. ಅಪ್ಪನಿಗೆ ಅರವತ್ತಾದಾಗ ವೀಸಾ ಮುಗಿಯಿತು. ಊರಿಗೆ ಹೋದವರು ಮೂರನೇ ವರ್ಷಕ್ಕೆ ತೀರಿಕೊಂಡರು. ಅಮ್ಮ ಈಗ ನನ್ನ ಜೊತೆ ಇದ್ದಾಳೆ. ಲಿಫ್ಟಿನಲ್ಲಿ ವಾಸನೆ ಬಂದ ದಿನ ಸಂಜೆ, ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಅವಳಿಗೆ ಹೇಳಿದೆ. ಕ್ರೇನು ಹೇಳಿದ್ದು ನಾನು, ಅಪ್ಪ ಅಲ್ಲ. ಅಮ್ಮ ಬಟಾಣಿ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ.

"ಗೊತ್ತುಂಟು ಮಾರಾಯ್ತಿ. ಕ್ರೇನು ಹೋದ ದಿನವೇ ಹೇಳಿದ್ರು. ಮಗು ಮನಸ್ಸಿಗೆ ಹಚ್ಕೊಳ್ತದೆ, ನನ್ನನ್ನೇ ತಮಾಷೆ ಮಾಡು ಅಂದ್ರು. ನಾನು ಮತ್ತೆಂತ ಮಾಡುದು? ಮಾಡಿದೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಬ್ಬರೂ ಸೇರಿ ಐದು ವರ್ಷ ನಾಟಕ ಆಡಿದ್ದರು, ನಾನು ಅದನ್ನು ನಿಜವೆಂದು ನಂಬಿ ಆ ಬಡಪಾಯಿಗೆ ಖಲಾಸ್ ಎಂದಿದ್ದೆ. ಯಾರ ಮೇಲೆ ಕೂಗಾಡುವುದು?

ಮರುವಾರ ಬೆಳಿಗ್ಗೆ ಒಂದು ಬಾಡಿಗೆ ದೋಣಿ ಗೊತ್ತು ಮಾಡಿದೆ. ಮಾರ್ಕೆಟಿನಿಂದ ತಂದಿಟ್ಟ ಬೊಂಡಾಸನ್ನೂ ಬಚ್ಚಲಿನಿಂದ ಅಮ್ಮನ ಗಂಧದ ಸಾಬೂನನ್ನೂ ತೆಗೆದು ಚೀಲಕ್ಕೆ ಹಾಕಿದೆ. ಅಮ್ಮ ನೋಡಿದಳು, ಏನೂ ಕೇಳಲಿಲ್ಲ. ಕೆಳಗೆ ಸೆಕ್ಯೂರಿಟಿಯವನು ಬಾಗಿಲು ತೆರೆದು ನಗುತ್ತ, "ಗೋಯಿಂಗ್ ವೇರ್, ಮೇಡಂ?" ಎಂದ. ನಾನು ತಿರುಗಿ ಇಪ್ಪತ್ತಾರು ಮಾಳಿಗೆ ಮೇಲೆ ಹೋಗಿ, ಕೂತು, ನೀರು ಕುಡಿದು, ಹೊಸದಾಗಿ ಹೊರಟೆ. ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿತ್ತು.

ಸಮುದ್ರದಿಂದ ತಿರುಗಿ ನೋಡಿದರೆ ದಡದ ತುಂಬ ಗಾಜಿನ ಕಟ್ಟಡಗಳು. ತುಂಬ ಹುಡುಕಿದ ಮೇಲೆ ಮಿನಾರು ಕಂಡಿತು. ನನ್ನ ಕಣ್ಣೂ ಈಗ ಅಪ್ಪನ ಕಣ್ಣಿನಂತೆಯೇ ಆಗಿದೆ. ಅದರ ಹಿಂದೆ ಟ್ಯಾಂಕು ಇಲ್ಲ, ಕೇಸರಿ ಹೊದಿಕೆ ಇಲ್ಲ. ದೋಣಿ ನಡೆಸುವ ಮಲಯಾಳಿ ಮೊಬೈಲಿನ ನಕ್ಷೆಯನ್ನು ಮುಂದೆ ಹಿಡಿದು, ಪಾಯಿಂಟ್ ಎಲ್ಲಿ ಹೇಳಿ ಮೇಡಂ, ನೇರ ಅಲ್ಲಿಗೇ ಬಿಡ್ತೇನೆ ಎಂದ. ಮೆಲ್ಲಗೆ ಹೋಗಿ ಎಂದೆ. ಸೀಸದ ಗುಂಡಿಗೆ ಸಾಬೂನು ಮೆತ್ತಿ ಇಳಿಸಿದೆ, ಎಳೆದೆ, ನೋಡಿದೆ. ಮರಳು. ಇನ್ನಷ್ಟು ದೂರ ಹೋಗಿ ಮತ್ತೆ ಇಳಿಸಿದೆ. ಮರಳೇ. ಕೈಯೆಲ್ಲ ಗಂಧ ಮತ್ತು ಬೊಂಡಾಸು. ಅವನು ಇಂಜಿನ್ ತಗ್ಗಿಸಿ, ಇಲ್ಲಿಯಾ ಎನ್ನುವಂತೆ ನನ್ನ ಮುಖ ನೋಡಿದ.

"ಇಲ್ಲಪ್ಪ, ಇನ್ನೂ ಬರ್ಲಿಲ್ಲ," ಎಂದೆ, ದಡದಿಂದ ಕಣ್ಣು ಕದಲಿಸದೆ.