ಹೊಡೆದರೆ ಓಡುವ ವಾಚು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ನಮ್ಮ ಓಣಿಯಲ್ಲಿ ಯಾರಿಗಾದರೂ ಗಾಳಿ ಮೆಟ್ಟಿಕೊಂಡಿದೆ ಎಂದರೆ ಎಲ್ಲರಿಗಿಂತ ಮುಂದೆ ಹೋಗಿ ನಿಂತು ನಕ್ಕು ಬರುತ್ತಿದ್ದವನು. ಒಮ್ಮೆ ದೆವ್ವ ಬಿಡಿಸುವವರ ಹತ್ತಿರ ಹೋಗಿ, ನಮಗೆ ಮೆಟ್ಟಿಕೊಂಡಿರುವ ಗಣಿತದ ಮೇಷ್ಟ್ರನ್ನೂ ಬಿಡಿಸಿಕೊಡಿ ಎಂದು ಕೇಳಿ ಪೊರಕೆಯಲ್ಲಿ ಏಟು ತಿಂದಿದ್ದೇನೆ. ಇನ್ನೊಂದು ಮಾತು. ನಾನು ಒಂದಕ್ಕೆ ಹತ್ತು ಸೇರಿಸಿ ಹೇಳುತ್ತೇನೆ ಎಂದು ಕಾಲೇಜಿನಲ್ಲಿ ಹೆಸರಿದೆ. ಸುಳ್ಳಲ್ಲ. ಆದ್ದರಿಂದ ಎಲ್ಲಿ ಸೇರಿಸುತ್ತೇನೋ ಅಲ್ಲಲ್ಲೇ ಒಪ್ಪಿಕೊಳ್ಳುತ್ತೇನೆ. ಉಳಿದದ್ದನ್ನು ನಂಬಿ.

ಆಗ ನಾನು ಫಸ್ಟ್ ಪಿಯುಸಿ. ಕ್ಲಾಸಿನ ಅರ್ಧ ಹುಡುಗರ ಕೈಯಲ್ಲಿ ಸ್ಮಾರ್ಟ್ ವಾಚು. ಮನೆಯಲ್ಲಿ ಕೇಳಿದೆ, ಸಿಗಲಿಲ್ಲ. ಸಿಗದಿದ್ದದ್ದನ್ನು ಬೇಡವೆಂದು ತೋರಿಸಿಕೊಳ್ಳುವುದರಲ್ಲಿ ನಾನು ಗಟ್ಟಿ. ಸೆಲ್ಲಿಲ್ಲದೆ ಓಡುವ ಹಳೇ ಜಪಾನ್ ವಾಚುಗಳ ವಿಡಿಯೋ ನೋಡಿ, ಬ್ಯಾಟರಿ ವಾಚು ಕಟ್ಟುವವರೆಲ್ಲ ಮನುಷ್ಯರೇ ಅಲ್ಲ ಎಂದು ಭಾಷಣ ಮಾಡುತ್ತ ತಿರುಗಿದೆ. ಕೊನೆಗೆ ಶಿರಾಳಕೊಪ್ಪದ ಸಂತೆಯಲ್ಲಿ ಅಂಥದ್ದೊಂದು ಸಿಕ್ಕೇಬಿಟ್ಟಿತು. ಟಾರ್ಪಾಲಿನ ಮೇಲೆ ಹಳೇ ನಟ್ಟು, ಬೋಲ್ಟು, ಸತ್ತ ರೇಡಿಯೋಗಳ ನಡುವೆ ಬಿದ್ದಿತ್ತು. ಸ್ಟೀಲಿನ ಮೈ, ಸ್ಟೀಲಿನ ಚೈನು, ಮಸುಕಾದ ಗಾಜು. ಹಿಂದುಗಡೆ ಜಪಾನ್ ಎಂದು ಕೊರೆದಿತ್ತು.

"ಓಡುತ್ತೇನಮ್ಮಾ?" ಎಂದು ಮಾರುವವಳನ್ನು ಕೇಳಿದೆ.

"ಓಡೋದಾಗಿದ್ರೆ ಇಲ್ಲಿ ಯಾಕ್ ಬಿದ್ದಿರ್ತಿತ್ತಪ್ಪಾ? ಬೇಕಾದ್ರೆ ತಗಾ, ಇಲ್ಲ ಅಂದ್ರೆ ಬಿಸ್ಲು ಬಿಟ್ಟು ನಿಲ್ಲು."

ನನ್ನ ಒಡೆದ ಮೊಬೈಲು ಕೊಟ್ಟು ತೆಗೆದುಕೊಂಡೆ.

ಮನೆಗೆ ಬಂದವನೇ ಕೀ ಕೊಡಲು ಕೂತೆ. ಬೆರಳಿಗೆ ಬೊಬ್ಬೆ ಬರುವವರೆಗೆ ತಿರುಗಿಸಿದೆ, ಆಮೇಲೆ ಇಕ್ಕಳ ಹಾಕಿ ತಿರುಗಿಸಿದೆ. ಕೀ ಬುಡಸಮೇತ ಕೈಗೆ ಬಂತು. ಎತ್ತಿಕೊಂಡು ನಮ್ಮ ಶಿಕಾರಿಪುರದ ಬಸ್ ಸ್ಟ್ಯಾಂಡ್ ಹಿಂದಿರುವ ಈರಣ್ಣನ ಅಂಗಡಿಗೆ ಓಡಿದೆ. ಈರಣ್ಣ ಮೂವತ್ತು ವರ್ಷದಿಂದ ವಾಚು ರಿಪೇರಿ ಮಾಡುತ್ತಾರೆ. ಅಂಗಡಿ ಒಂದು ಬೀರುವಿನಷ್ಟಿದೆ, ಅವರು ಅದರೊಳಗೆ ಮಡಚಿಟ್ಟ ಅಂಗಿಯ ಹಾಗೆ ಕೂತಿರುತ್ತಾರೆ.

"ಇದಕ್ಕೆ ಕೀ ಕೊಡೋದಿಲ್ಲಲೇ ದಡ್ಡ," ಎಂದರು. "ಈ ತಿರುಗಣೆ ಟೈಮ್ ಸರಿ ಮಾಡೋಕಷ್ಟೇ. ಇಲ್ಲಿ ನೋಡು." ಹಿಂದಿನ ಮುಚ್ಚಳ ಬಿಚ್ಚಿದರು. ಒಳಗೆ ಅರ್ಧ ಚಂದ್ರನಂಥ ಲೋಹದ ತುಂಡೊಂದು ತೂಗಾಡುತ್ತಿತ್ತು. "ನೀನು ಕೈ ಆಡ್ಸಿದಂಗೆಲ್ಲ ಇದು ತಿರುಗ್ತೈತೆ, ಸ್ಪ್ರಿಂಗ್ ತಾನೇ ಸುತ್ಕಂತೈತೆ. ಕಟ್ಕಂಡು ಓಡಾಡಿದ್ರೆ ಸಾಕು."

ಎರಡು ವಾರ ಹಿಡಿಯಿತು. ಅವರು ಒಂದೊಂದೇ ಚಕ್ರ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು, ಸೂಜಿಮೊನೆಯಲ್ಲಿ ಎಣ್ಣೆ ಬಿಟ್ಟರು. ಸತ್ತ ವಾಚೊಂದರ ತಿರುಗಣೆ ಕಿತ್ತು ಇದಕ್ಕೆ ಕೂರಿಸಿದರು. ಗಾಜನ್ನು ನಾನು ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದೆ. ಗಾಜು ಕನ್ನಡಿಯಾಯಿತು, ಮನೆಯವರೆಲ್ಲ ಒಂದು ವಾರ ಉಪ್ಪಿನಲ್ಲಿ ಹಲ್ಲುಜ್ಜಿದರು. ವಾರ ಅಂದದ್ದು ಹೆಚ್ಚಾಯಿತು, ಎರಡು ದಿನ.

ವಾಚು ಈರಣ್ಣನ ಅಂಗಡಿಯಲ್ಲಿ ಓಡಿತು. ನನ್ನ ಎಡಗೈಗೆ ಕಟ್ಟಿದ ಮೇಲೆ ಮನೆ ಮುಟ್ಟುವಷ್ಟರಲ್ಲಿ ನಿಂತಿತು. ಕೈ ಬೀಸಿಕೊಂಡು ನಡೆದೆ, ಓಡಿದೆ, ವಾಲಿಬಾಲ್ ಆಡಿದೆ. ಊಹೂಂ. ಈರಣ್ಣ ಮತ್ತೆ ಬಿಚ್ಚಿ ನೋಡಿ, "ಎಲ್ಲಾ ಸರಿ ಐತಲ್ಲೋ! ನೀನು ಕೈ ಆಡ್ಸ್ತೀಯೋ, ಬರೀ ಬಾಯಿ ಆಡ್ಸ್ತೀಯೋ?" ಎಂದರು. ಅಪ್ಪನದು ಹಿಟ್ಟಿನ ಗಿರಣಿ. ಗಿರಣಿಯ ಜರಡಿ ದಡದಡ ಅಲುಗುತ್ತದಲ್ಲ, ಅದಕ್ಕೆ ವಾಚನ್ನು ದಾರದಲ್ಲಿ ಬಿಗಿದು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಿಟ್ಟೆ. ಅಷ್ಟು ಅಲುಗಿದರೆ ಬಂಡೆಗೂ ಜೀವ ಬರಬೇಕು. ಸೆಕೆಂಡ್ ಮುಳ್ಳು ಒಂದು ಮನೆ ದಾಟಲಿಲ್ಲ.

ನಿಂತ ವಾಚನ್ನೇ ಕಟ್ಟಿಕೊಂಡು ಕಾಲೇಜಿಗೆ ಹೋದೆ. ಪ್ರವೀಣ ನನ್ನ ಪಕ್ಕದ ಬೆಂಚಿನವನು, ಒಳ್ಳೆಯವನು, ಬಾಯಿ ಮಾತ್ರ ಸರಿ ಇಲ್ಲ. "ಏನ್ಲೇ, ಗಡಿಯಾರದ ಹೆಣ ಹೊತ್ಕಂಡು ಬಂದೀಯ? ಮಣ್ಣು ಯಾವಾಗ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಅದು ನೆನಪಿದೆ. ನಗುತ್ತಿರುವಾಗಲೇ ನನ್ನ ಎಡಗೈ ಹೋಗಿ ಅವನ ಬಾಯಿಗೆ ಬಡಿಯಿತು. ನಾನು ಬಲಗೈಯವನು. ಎಡಗೈಯಲ್ಲಿ ನೊಣ ಹೊಡೆಯುವುದಕ್ಕೂ ಬರುವುದಿಲ್ಲ. ಅವನ ತುಟಿ ಸೀಳಿ ಅಂಗಿಯ ಮುಂದೆಲ್ಲ ರಕ್ತ. ಹಲ್ಲು ಹಾರಿ ಪ್ರಿನ್ಸಿಪಾಲರ ಸ್ಕೂಟರಿನ ಮೇಲೆ ಬಿತ್ತು ಎಂದು ನಾನು ಆಮೇಲೆ ಊರೆಲ್ಲ ಹೇಳಿದೆ. ಹಲ್ಲು ಅಲುಗಾಡಿತು, ಅಷ್ಟೇ. ಹುಡುಗರು ನನ್ನನ್ನು ಹಿಡಿದುಕೊಂಡಿದ್ದಾಗ ಕಿವಿಯ ಪಕ್ಕದಲ್ಲಿ ಟಿಕ್ ಟಿಕ್ ಕೇಳಿಸಿತು. ವಾಚು ಓಡುತ್ತಿತ್ತು. ಮರುದಿನ ಸಂಜೆಯವರೆಗೆ ಓಡಿತು.

ಕಾಕತಾಳೀಯ ಎಂದುಕೊಂಡೆ. ಎರಡನೇ ಸಲ ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದವನೊಬ್ಬನ ಕೆನ್ನೆಗೆ ಕೈ ಹೋಯಿತು. ಅವನು ನನ್ನನ್ನು ನೋಡಿಯೂ ಇರಲಿಲ್ಲ. ಆಳು ನನ್ನ ಎರಡರಷ್ಟಿದ್ದ. ನನ್ನ ಒಂದೇಟಿಗೆ ಅವನು ಹನ್ನೊಂದು ಕೊಟ್ಟ, ಕೊನೆಯದನ್ನು ನೀರಿನ ಸ್ಟೀಲ್ ಜಗ್ಗಿನಲ್ಲಿ. ಈ ಲೆಕ್ಕದಲ್ಲಿ ಒಂದೂ ಸೇರಿಸಿಲ್ಲ, ಹುಬ್ಬಿನ ಮೇಲೆ ಹೊಲಿಗೆಯ ಗುರುತಿದೆ. ವಾಚು ಮಾತ್ರ ಮತ್ತೆ ಒಂದೂವರೆ ದಿನ ಓಡಿತು.

ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ದಿಂಬಿಗೆ ಹೊಡೆದೆ. ಟ್ರ್ಯಾಕ್ಟರಿನ ಟೈರಿಗೆ ಹೊಡೆದೆ, ರಾಗಿ ಚೀಲಕ್ಕೆ ಹೊಡೆದೆ, ಪಕ್ಕದ ಮನೆಯ ಕೋಣಕ್ಕೂ ಹೊಡೆದೆ. ಕೋಣ ತಿರುಗಿ ನೋಡಿತು, ವಾಚು ಅದನ್ನೂ ಮಾಡಲಿಲ್ಲ. ಅದಕ್ಕೆ ಮನುಷ್ಯರೇ ಬೇಕಿತ್ತು. ಹೀಗೆ ಬರೆಯುವಾಗ ಈಗ ಮೈ ಜುಮ್ಮೆನ್ನುತ್ತದೆ. ಆಗ ನನಗೆ ಬರೀ ಖುಷಿ. ಇಂಥ ಕಥೆ ಯಾರ ಹತ್ತಿರ ಇದೆ ಹೇಳಿ? ಕಾಲೇಜಿನಲ್ಲಿ ದಿನಕ್ಕೆ ಮೂರು ಸಲ ಹೇಳಿದೆ. ಪ್ರವೀಣ ಮಾತ್ರ, "ಹೊಡೆದಿದ್ದು ನೀನು, ವಾಚಿನ ಮೇಲೆ ಯಾಕ್ ಹಾಕ್ತೀಯ?" ಎಂದ. ಆ ಮಾತು ಚುಚ್ಚಿತು. ನಿಜ ತಿಳಿಯಬೇಕೆಂದರೆ ಒಂದು ಪರೀಕ್ಷೆ ಮಾಡಬೇಕು ಎಂದುಕೊಂಡೆ. ಜನ್ಮದಲ್ಲಿ ಯಾರ ಮೇಲೂ ಕೈ ಎತ್ತದ ಒಬ್ಬರ ಕೈಗೆ ಇದನ್ನು ಕಟ್ಟಬೇಕು. ಅವರ ಕೈಯಲ್ಲಿ ವಾಚು ನಿಂತು, ಅವರು ಸುಮ್ಮನಿದ್ದರೆ ತಪ್ಪು ನನ್ನದು. ಅಂಥವರು ನಮ್ಮ ಮನೆಯಲ್ಲೇ ಇದ್ದರು.

ನನ್ನ ಅಪ್ಪ ಗಿರಣಿಯಲ್ಲಿ ಇಲಿ ಸಿಕ್ಕರೆ ಚೀಲಕ್ಕೆ ಹಾಕಿಕೊಂಡು ಕೆರೆ ಏರಿಯವರೆಗೆ ನಡೆದು ಬಿಟ್ಟು ಬರುವ ಮನುಷ್ಯ. ನನಗೆ ಹುಟ್ಟಿದಾಗಿನಿಂದ ಒಂದು ಏಟು ಬಿದ್ದಿಲ್ಲ. ಅವರಿಗೆ ಇದ್ದದ್ದು ಒಂದೇ ಸಂಕಟ, ದೊಡ್ಡಪ್ಪ. ಸೊರಬ ತಾಲ್ಲೂಕಿನ ಉಳವಿ ಹತ್ತಿರ ನಮ್ಮ ಹಿರಿಯರ ಗದ್ದೆ ಇದೆ, ದೊಡ್ಡಪ್ಪ ಅಲ್ಲೇ ಇದ್ದು ಸಾಗುವಳಿ ಮಾಡುತ್ತಾರೆ. ಬದುವಿನ ವಿಷಯಕ್ಕೆ ಮಾತಿಗೆ ಮಾತು ಬೆಳೆದು ಅಣ್ಣ ತಮ್ಮ ನಾಲ್ಕು ವರ್ಷ ಮುಖ ನೋಡಿರಲಿಲ್ಲ. ಅಪ್ಪ ಹಬ್ಬದ ದಿನ ಎಲೆಯ ಮುಂದೆ ಕೂತು, ಒಂದು ತುತ್ತು ಎತ್ತಿ, ಸುಮ್ಮನೆ ಕೆಳಗಿಡುತ್ತಿದ್ದರು. ಕೊನೆಗೂ ದೊಡ್ಡಪ್ಪನೇ ಫೋನು ಮಾಡಿ, ಸರ್ವೆಯವರನ್ನು ಕರೆಸಿ ಗದ್ದೆ ಅಳೆಸಿ ಎರಡು ಪಾಲಾಗಿ ಪೋಡಿ ಮಾಡಿಸೋಣ, ಪಹಣಿಯಲ್ಲಿ ಅವರವರ ಹೆಸರು ಬರಲಿ, ಆಮೇಲೆ ಒಟ್ಟಿಗೆ ಕೂತು ಉಣ್ಣೋಣ ಎಂದರು. ಅಪ್ಪ ಅವತ್ತು ಗಿರಣಿಯಲ್ಲಿ ಹಾಡು ಹೇಳಿಕೊಂಡು ಜೋಳ ಬೀಸಿದರು.

ನನ್ನ ಪರೀಕ್ಷೆಗೆ ಆ ಅಳತೆಯ ದಿನವನ್ನೇ ಆರಿಸಿದೆ. ಎಂಥ ಬುದ್ಧಿ ನೋಡಿ. ಬೆಳಿಗ್ಗೆ ಹೊರಡುವಾಗ, "ಅಪ್ಪಾಜಿ, ಬರಿಗೈಲಿ ಹೋಗ್ತೀರಾ? ಇದನ್ನ ಕಟ್ಕಳ್ಳಿ," ಎಂದು ನಾನೇ ಅವರ ಎಡಗೈಗೆ ಕಟ್ಟಿದೆ. ಅವರು ಕೈಯನ್ನು ದೂರ ಹಿಡಿದು ನೋಡಿ ನಾಚಿಕೊಂಡರು. "ನಂಗ್ಯಾಕೋ ಇಂಥ ಷೋಕಿ," ಎಂದರು, ಬಿಚ್ಚಲಿಲ್ಲ.

ಅಳತೆ ಚೆನ್ನಾಗಿಯೇ ನಡೆಯಿತು. ಯಾರ ದನಿಯೂ ಏರಲಿಲ್ಲ. ದೊಡ್ಡಪ್ಪ ಎರಡು ಕಡೆ ತಾವೇ ಹಿಂದೆ ಸರಿದು, "ಅವಂಗೆ ಇರ್ಲಿ ಬಿಡ್ರೀ, ನಮ್ಮ ತಮ್ಮನೇ ಅಲ್ದ?" ಎಂದರು. ನಾನು ಅಪ್ಪನ ಹಿಂದೆಯೇ ಸುತ್ತುತ್ತ ಕಳ್ಳನ ಹಾಗೆ ವಾಚು ನೋಡುತ್ತಿದ್ದೆ. ಅದು ಹತ್ತು ನಲವತ್ತಕ್ಕೆ ನಿಂತಿತು. ಒಂದು ಗಂಟೆ ಕಳೆಯಿತು, ಅಪ್ಪ ನಗುತ್ತಲೇ ಇದ್ದರು. ಅಲ್ಲಿಗೆ ಪ್ರವೀಣ ಗೆದ್ದ, ತಪ್ಪು ನನ್ನದೇ ಎಂದುಕೊಂಡೆ. ಬೇಜಾರೇ ಆಯಿತು, ಕಥೆ ಕೈ ತಪ್ಪಿತಲ್ಲ ಎಂದು.

ಗಡಿಕಲ್ಲು ನೆಡುವುದೊಂದು ಬಾಕಿ ಇತ್ತು. ದೊಡ್ಡಪ್ಪ ಬಂದು ಅಪ್ಪನ ಹೆಗಲ ಮೇಲೆ ಕೈ ಹಾಕಿದರು. "ಟೈಮ್ ಎಷ್ಟಾತ ತಮ್ಮಾ? ನಿಮ್ಮತ್ಗೆ ಕಡುಬು ಮಾಡಿಟ್ಕಂಡು ಕಾಯ್ತಾ ಇದಾಳೆ ಮಾರಾಯ."

ಅಪ್ಪ ಕೈ ಎತ್ತಿ ವಾಚು ನೋಡಿದರು. ಎತ್ತಿದ ಕೈ ಹಾಗೇ ಹೋಗಿ ದೊಡ್ಡಪ್ಪನ ಮೂಗಿನ ಮೇಲೆ ಬಿತ್ತು.

ಒಣ ಕೊಬ್ಬರಿ ಒಡೆದಂಥ ಸದ್ದು. ದೊಡ್ಡಪ್ಪ ಮಂಡಿಯೂರಿದರು. ಎರಡನೆಯದು ಕಿವಿಗೆ, ಮೂರನೆಯದು ಬಾಯಿಗೆ. ಸರ್ವೆಯವರ ನಕ್ಷೆಯ ಮೇಲೆ ರಕ್ತ ಚಿಮ್ಮಿತು. ನಾನು ಆ ತೋಳಿಗೆ ಜೋತುಬಿದ್ದೆ. ತೋಳು ನನ್ನನ್ನೂ ಎತ್ತಿಕೊಂಡು ಮೇಲೆ ಹೋಯಿತು, ನನ್ನ ಕಾಲು ನೆಲ ಬಿಟ್ಟಿತು. ಇದರಲ್ಲಿ ಒಂದು ಕೂದಲಷ್ಟೂ ಸೇರಿಸಿಲ್ಲ. ನಾಲ್ಕನೇ ಏಟು ನನ್ನ ಸಮೇತ ಬಿತ್ತು. ದೊಡ್ಡಪ್ಪನ ಎರಡು ಹಲ್ಲು ನನ್ನ ಕಣ್ಣೆದುರೇ ಕೆಸರಿಗೆ ಉದುರಿದವು, ಈ ಸಲ ನಿಜವಾಗಿ. ಅಪ್ಪನ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಹಿಟ್ಟು ನುಣ್ಣಗೆ ಬಿದ್ದಿದೆಯೋ ಇಲ್ಲವೋ ಎಂದು ಬೆರಳಲ್ಲಿ ಉಜ್ಜಿ ನೋಡುವಾಗ ಇರುತ್ತದಲ್ಲ, ಆ ಮುಖ.

ಆಮೇಲೆ ಕೈ ಕೆಳಗಿಳಿಯಿತು. ಅಪ್ಪ ರಕ್ತ ಒರೆಸಿ ವಾಚನ್ನು ನೋಡಿ, ತೀರಾ ಮೆತ್ತಗೆ, "ಹತ್ತು ನಲವತ್ತೊಂದು ಆತಣ್ಣ," ಎಂದರು.

ವಾಚು ಓಡುತ್ತಿತ್ತು.

ಸರ್ವೆಯವರು ನಕ್ಷೆ ಮಡಚಿ ಬೈಕು ಹತ್ತಿದರು. ಕಲ್ಲು ಮಲಗಿದಲ್ಲೇ ಉಳಿಯಿತು. ದೊಡ್ಡಪ್ಪನನ್ನು ಸೊರಬಕ್ಕೆ ದವಾಖಾನೆಗೆ ಕರೆದುಕೊಂಡು ಹೋದರು. ದೊಡ್ಡಪ್ಪ ಪೊಲೀಸ್ ಕಂಪ್ಲೇಂಟ್ ಕೊಡಲಿಲ್ಲ. ಮೂಗು ಸೊಟ್ಟಗಾಯಿತು, ಎಡಗಿವಿ ಮಂದವಾಯಿತು. ನೋಡಲು ಬಂದವರ ಹತ್ತಿರ ಅವರು ಅದ್ಯಾವುದನ್ನೂ ಹೇಳಿಕೊಳ್ಳಲಿಲ್ಲವಂತೆ. "ಹೊಡದ್ನಲ್ಲ, ಹೊಡೀಲಿ. ಎಡಗೈಲಿ ಹೊಡದ್ನಲ್ಲ ಮಾರಾಯ!" ಎಂದು ಅದೊಂದನ್ನೇ ಹೇಳಿ ಅತ್ತರಂತೆ.

ಮನೆಯಲ್ಲಿ ನಾನು ಅಪ್ಪನ ಕಾಲ ಬಳಿ ಕೂತು ಎಲ್ಲ ಒಪ್ಪಿಕೊಂಡೆ. ಪ್ರವೀಣ, ಮಂಡಕ್ಕಿಯವನು, ಕೋಣ, ಪರೀಕ್ಷೆ ಎಲ್ಲ. ಕೊನೆಗೆ, "ಅದು ನೀವಲ್ಲ ಅಪ್ಪಾಜಿ, ವಾಚು. ಬಿಚ್ಚಿ ಕೊಡ್ರಿ, ಕೆರೆಗೆ ಒಗ್ದು ಬರ್ತೀನಿ," ಎಂದೆ.

ಅಪ್ಪ ವಾಚಿನ ಗಾಜನ್ನು ಹೆಬ್ಬೆರಳಲ್ಲಿ ಒರೆಸಿದರು. "ವಾಚಿಗೇನು ಗೊತ್ತಪ್ಪ ನಮ್ಮ ಗದ್ದೆ ವಿಷ್ಯ," ಎಂದರು. "ಹೊಡೆದಿದ್ದು ನಾನು. ಇದು ಇಲ್ಲೇ ಇರ್ಲಿ."

ಬಿಚ್ಚಲಿಲ್ಲ. ವಿಚಿತ್ರ ನೋಡಿ, ಅವತ್ತಿನಿಂದ ಅದು ನಿಲ್ಲಲಿಲ್ಲ. ಒಂದು ದಿನವಲ್ಲ, ಒಂದೂವರೆ ದಿನವಲ್ಲ, ಏಳು ತಿಂಗಳು. ಅಪ್ಪ ಯಾರ ಮೇಲೂ ಕೈ ಮಾಡಲಿಲ್ಲ. ನಾನು ಕಾಲೇಜು ತಪ್ಪಿಸಿ ಗಿರಣಿಯಲ್ಲಿ ಕೂತು ಕಾದಿದ್ದೇನೆ, ಹಿಂದೆಯೇ ಹೋಗಿ ನೋಡಿದ್ದೇನೆ. ಒಂದು ದಿನ ಅಪ್ಪ ಸ್ನಾನಕ್ಕೆ ಹೋದಾಗ ಕದ್ದು ನನ್ನ ಕೈಗೆ ಕಟ್ಟಿಕೊಂಡೆ. ಅವರು ಮೈ ಒರೆಸಿಕೊಂಡು ಬರುವಷ್ಟರಲ್ಲಿ ನಿಂತುಹೋಗಿತ್ತು. ಅವರು ಮಾತಾಡದೆ ತೆಗೆದುಕೊಂಡು ಕಟ್ಟಿಕೊಂಡರು, ಓಡಿತು. ಈರಣ್ಣನಿಗೆ ಹೇಳಿದರೆ, "ನಿನ್ನ ಮಾತು ನಂಬಿದ್ರೆ ನಾನು ಅಂಗಡಿ ಮುಚ್ಬೇಕು," ಎಂದು ನಕ್ಕರು. ಅಪ್ಪನ ಈ ಕಥೆಯನ್ನು ಮಾತ್ರ ಕಾಲೇಜಿನಲ್ಲಿ ಯಾರಿಗೂ ಹೇಳಲಿಲ್ಲ. ನಾನು ಹೇಳದೆ ಬಿಟ್ಟ ಕಥೆ ಇದೊಂದೇ.

ಹೋದ ತಿಂಗಳು ಒಂದು ಮಧ್ಯಾಹ್ನ ದೊಡ್ಡಪ್ಪ ಬಂದರು. ಹೇಳದೆ ಕೇಳದೆ ಬಸ್ಸಿಳಿದು ಗಿರಣಿಯ ಬಾಗಿಲಲ್ಲಿ ನಿಂತರು, ಸೊಟ್ಟ ಮೂಗು ಹೊತ್ತುಕೊಂಡು. "ಕಲ್ಲು ಹಂಗೇ ಬಿದ್ದದೆ. ಮತ್ತೆ ಅರ್ಜಿ ಹಾಕ್ಬೇಕು, ನಿನ್ನ ಸಹಿ ಬೇಕು," ಎಂದರು. ಚಪ್ಪಲಿ ಬಿಟ್ಟು, "ಹೊಟ್ಟೆ ಹಸಿದದೆ," ಎಂದರು.

ಅಪ್ಪ ಮೋಟಾರು ಆರಿಸಿದರು. ವಾಚು ಬಿಚ್ಚಿ ನನ್ನ ಕೈಯಲ್ಲಿಟ್ಟರು. ನನಗೆ ಎಷ್ಟು ನಿರಾಳವಾಯಿತೆಂದರೆ ಅಳು ಬಂತು. ಆಮೇಲೆ ಅವರು ಗಿರಣಿಗೆ ಹೊಂದಿಕೊಂಡೇ ಇರುವ ನಮ್ಮ ಮನೆಯೊಳಗೆ ಹೋದರು. ನಾನು ದೊಡ್ಡಪ್ಪನಿಗೆ ತಟ್ಟೆ ಹಾಕಿ ಕೂರಿಸಿ ಹಿಂದಕ್ಕೆ ತಿರುಗಿ ನೋಡಿದರೆ ಅಪ್ಪ ಅಡುಗೆಮನೆಯ ಬಾಗಿಲಲ್ಲಿದ್ದರು. ಬಲಗೈಯಲ್ಲಿ ಅನ್ನದ ಸೌಟು. ಎಡಗೈಯನ್ನು ಟವೆಲಿನಲ್ಲಿ ಸುತ್ತಿ, ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡಿದ್ದರು. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಗಂಟು ಬಿಗಿದಿದ್ದರು ಎಂದು ಕಾಣುತ್ತದೆ, ಟವೆಲಿನ ಆ ತುದಿ ಒದ್ದೆಯಾಗಿತ್ತು.

"ಕೈಗೇನಾತ?" ಎಂದರು ದೊಡ್ಡಪ್ಪ.

"ಉಳುಕೈತಣ್ಣ."

ದೊಡ್ಡಪ್ಪ ಆ ಟವೆಲನ್ನೇ ನೋಡುತ್ತ ಕೂತರು. "ಅನ್ನ ಹಾಕು," ಎಂದರು. ಅಪ್ಪ ಬಡಿಸಿದರು. ಊಟ ಮುಗಿಯುವವರೆಗೆ ನಿಂತೇ ಬಡಿಸಿದರು, ಆ ಕೈಯ ಗಂಟು ಬಿಚ್ಚಲಿಲ್ಲ.

ವಾಚು ನನ್ನ ಮುಷ್ಟಿಯಲ್ಲಿತ್ತು. ಬಿಚ್ಚಿ ಕೊಟ್ಟ ಮೇಲೂ ಆ ಕೈಯನ್ನು ಯಾಕೆ ಕಟ್ಟಿಕೊಂಡರು ಎಂದು ನಾನು ಇವತ್ತಿಗೂ ಕೇಳಿಲ್ಲ. ವಾಚು ಓಡುತ್ತಿತ್ತೋ ನಿಂತಿತ್ತೋ, ಮುಷ್ಟಿ ತೆರೆದು ನೋಡುವ ಧೈರ್ಯವೂ ನನಗಾಗಲಿಲ್ಲ.